ಉಪ್ಪಿನಕಾಯಿ ಎಂಬ ಮುಂಗಲಿ

ಕಳೆದ ಶನಿವಾರ ಸೋಫಾ ಸರಿಸಿ ಕಸ ಗುಡಿಸುವಾಗ ಬಸೂ ಕಾಕಾನ ಎಡಗಾಲಿನ ಸಾಕ್ಸ್ ಸಿಕ್ಕಿತು. ಎಡಗಾಲಿನದೇ ಎಂದು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಕಾಕಾನ ಎಡಗಾಲಿನ ಹೆಬ್ಬೆರಳಿಗೆ ಹೊರಗಿನ ಲೋಕ ನೋಡುವ ಹುಚ್ಚು; ಅವನ ಎಲ್ಲ ಎಡ ಸಾಕ್ಸುಗಳಲ್ಲೂ ಅದಕ್ಕೊಂದು ಕಿಂಡಿ ಇರುತ್ತದೆ. ಸಾಕ್ಸಿನ ಜೊತೆಗೆ ಇನ್ನಷ್ಟು ಆಸ್ತಿಯೂ ಸಿಕ್ಕಿತು. ಟಿವಿ ರಿಮೋಟಿನ ಹಿಂಬದಿ ಮುಚ್ಚಳ, ಅವ್ವನ ತಲೆಗೂದಲಿನ ರಬ್ಬರ್ ಬ್ಯಾಂಡುಗಳು, ಅಪ್ಪ ಹಗಲು ನಿದ್ದೆಗೆ ಕಿವಿಗಿಟ್ಟುಕೊಳ್ಳುವ ಸ್ಪಂಜಿನ ಬಿರಡೆ ಒಂದು. ಸೋಫಾದ ಹಿಂಬದಿ ಬಟ್ಟೆ ಹರಿದು ಯಾರೋ ಒಳಗೊಂದು ಉಗ್ರಾಣವನ್ನೇ ಕಟ್ಟಿಕೊಂಡಿದ್ದರು. ಯಾರೋ ಏನು, ಯಾರೆಂದು ನಮಗೆಲ್ಲ ಗೊತ್ತು. ಕಟ್ಟಿದವನು ಊರಿನ ಇನ್ನೊಂದು ಬಡಾವಣೆಯಾದ ಪಿನ್ನರ್‌ಗೆ ಮನೆ ಬದಲಾಯಿಸಿ ಮೂರು ತಿಂಗಳಾಯಿತು.

ಕಾಕಾನಿಗೆ ಫೋನು ಮಾಡಿದೆ. ಕಾಕಾ ಅಂದರೆ ಅಪ್ಪನ ತಮ್ಮ. ಸೌತ್‌ಹಾಲ್‌ನಲ್ಲಿ ಮನೆ, ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಕೆಲಸ.

"ಕಾಕಾ, ನಿನ್ನ ಸಾಕ್ಸ್ ಸಿಕ್ತು."

"ತೊಳದೀಯೇನ ಅದನ್ನ?"

"ಇಲ್ಲ, ಈಗ ಮಷೀನಿಗೆ..."

"ತೊಳೀಬ್ಯಾಡ. ಹಂಗ ಇಡು. ನಾ ಬರ್ತೇನಿ."

ತೊಳೆಯದ ಸಾಕ್ಸಿಗೆ ಇಷ್ಟು ಭಕ್ತಿ ಯಾಕೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುವವನೇ ನಾನು.

ಮೊದಲು ನನ್ನ ರೋಗದ ಬಗ್ಗೆ. ನನಗೆ ಬೇರೆಯವರ ಹಾಗೆ ಮಾತಾಡುವ ರೋಗವಿದೆ. ನಿಮ್ಮ ಜೊತೆ ಹತ್ತು ನಿಮಿಷ ಕೂತರೆ ಹನ್ನೊಂದನೆಯ ನಿಮಿಷಕ್ಕೆ ನಾನು ನೀವಾಗಿರುತ್ತೇನೆ, ಅದೂ ನಿಮಗಿಂತ ಸ್ವಲ್ಪ ದಪ್ಪಗೆ. ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ಬಾಗಿಲು ಮುಚ್ಚುವ ಮುನ್ನ ಮಾತಾಡುವ ಹೆಂಗಸು ನಾನು. ಲಿಫ್ಟಿನಲ್ಲಿ ಮಹಡಿ ಎಣಿಸುವವಳೂ ನಾನೇ. ನಾವಿರುವ ಹೌನ್ಸ್ಲೋದಲ್ಲಿ ಕುಂದಾಪುರದವರ ಒಂದು ಸಣ್ಣ ಹೋಟೆಲಿದೆ. ಅಲ್ಲಿ ಒಂದು ದಿನ "ಹ್ವಾಯ್, ಒಂದ್ ಚಾ ಕೊಡಿ ಮಾರ್ರೆ" ಎಂದದ್ದಕ್ಕೆ ಮಾಲೀಕರು ಖುಷಿಯಾಗಿ ನನ್ನ ಊರು, ಮನೆ ಹೆಸರು, ಸೋದರಮಾವನ ಹೆಸರು ಎಲ್ಲ ಕೇಳಿದರು. ಧಾರವಾಡದವರ ಮಗ, ಹುಟ್ಟಿದ್ದು ಬೆಳೆದದ್ದು ಇಲ್ಲೇ ಎಂದು ಹೇಳುವ ಹೊತ್ತು ಮೀರಿಹೋಗಿತ್ತು. ಇವತ್ತಿಗೂ ಅವರ ಪಾಲಿಗೆ ನಾನು ಕೋಟೇಶ್ವರದ ಹತ್ತಿರದವನು. ಬಾಳೆಹಣ್ಣಿನ ಬನ್ಸು ಒಂದು ಹೆಚ್ಚಿಗೆ ಬರುತ್ತದೆ, ಅದನ್ನು ಪಾಪಪ್ರಜ್ಞೆಯ ಜೊತೆ ಅದ್ದಿಕೊಂಡು ತಿನ್ನುತ್ತೇನೆ.

ಈ ರೋಗವೇ ನನ್ನನ್ನು ಫೆರೆಟ್‌ಗಳ ಬಳಿಗೆ ಕರೆದುಕೊಂಡು ಹೋದದ್ದು. ನಾನು ಒಂದು ಕಂಪನಿಯ ಹೆಲ್ಪ್‌ಡೆಸ್ಕಿನವನು. ಪಾಸ್‌ವರ್ಡ್ ಮರೆತವರ ದುಃಖಕ್ಕೆ ಕಿವಿಗೊಡುವುದು ವೃತ್ತಿ. ಒಂದು ಮೀಟಿಂಗಿನಲ್ಲಿ, ಮೈಕು ಮುಚ್ಚಿದೆ ಎಂದು ತಿಳಿದು, ಮ್ಯಾನೇಜರ್ ಕಾಲಿನ್‌ನ ಮೂಗಿನ ದನಿಯಲ್ಲಿ ಕಾಲಿನ್‌ಗೇ ಉತ್ತರ ಕೊಟ್ಟೆ. ಮೈಕು ಮುಚ್ಚಿರಲಿಲ್ಲ. ಕಾಲಿನ್ ಒಳ್ಳೆಯವನು, ಬೈಯಲಿಲ್ಲ. "ಕಂಪನಿ ಸಮಾಜಸೇವೆಗೆಂದು ಕೊಟ್ಟ ನಿನ್ನ ರಜೆಗಳು ಹಾಗೇ ಉಳಿದಿವೆಯಲ್ಲ, ಎಲ್ಲಾದರೂ ಹೋಗಿ ಬಾ" ಎಂದ, ಅದೇ ಮೂಗಿನಲ್ಲಿ. ವೃದ್ಧಾಶ್ರಮ, ಶಾಲೆ, ಪ್ರಾಣಿಗಳು ಎಂದು ಪಟ್ಟಿ ಇತ್ತು. ಅಣಕ ಮಾಡಿದರೆ ಬೇಜಾರು ಮಾಡಿಕೊಳ್ಳದವರು ಪ್ರಾಣಿಗಳೇ ಎಂದು ಆರಿಸಿಕೊಂಡೆ.

ಹೀಗೆ ಜ್ಯಾನೆಟ್‌ಳ ಹಿತ್ತಲಿಗೆ ಬಂದೆ. ಜ್ಯಾನೆಟ್ ಅರವತ್ತು ದಾಟಿದ ಗಟ್ಟಿ ಹೆಂಗಸು. ಮನೆ ಹಿಂದಿನ ಎರಡು ಶೆಡ್ಡುಗಳಲ್ಲಿ, ಯಾರಿಗೂ ಬೇಡವಾದ ಫೆರೆಟ್‌ಗಳನ್ನು ಸಾಕುತ್ತಾಳೆ. ಫೆರೆಟ್ ಎಂದರೆ, ನೋಡದವರಿಗೆ ಹೇಳುವುದಾದರೆ, ಮುಂಗುಸಿಯನ್ನು ಒಗೆದು ಹಿಂಡಿ ಉದ್ದಕ್ಕೆ ಒಣಗಿಸಿದ ಹಾಗಿರುವ ಸಾಕುಪ್ರಾಣಿ. ಮೈ ನೀರಿನಂತೆ ಬಳುಕುತ್ತದೆ, ಯಾವ ಸಂದಿಯಲ್ಲೂ ತೂರುತ್ತದೆ, ಸಿಕ್ಕಿದ್ದನ್ನು ಕದ್ದು ಬಚ್ಚಿಡುತ್ತದೆ. ಖುಷಿಯಾದರೆ ಬೆನ್ನು ಕಮಾನು ಮಾಡಿ ನಾಲ್ಕೂ ಕಾಲಲ್ಲಿ ಅಡ್ಡಡ್ಡ ಕುಣಿಯುತ್ತ, ಹೇಂಟೆ ಗೊಣಗುವ ಹಾಗೆ ಡುಕ್ ಡುಕ್ ಎನ್ನುತ್ತದೆ.

ಗೂಡು ತೊಳೆದು ಹೋಗಲು ಬಂದವನು ಒಂದು ಗೂಡಿನ ಮುಂದೆ ನಿಂತೆ. ಕಂದು ಮೈ, ಹಣೆಯಿಂದ ಕತ್ತಿನವರೆಗೆ ಒಂದು ಬಿಳಿ ಪಟ್ಟೆ.

"ಅವನು ಪಿಕಲ್," ಎಂದಳು ಜ್ಯಾನೆಟ್. ಅವಳು ಮಾತಾಡುವುದು ಇಂಗ್ಲಿಷ್. ನನ್ನ ಅನುಕೂಲಕ್ಕೆ ಇಲ್ಲಿ ಅವಳಿಗೆ ಕನ್ನಡ ಕಲಿಸಿದ್ದೇನೆ. "ಮೂರು ಮನೆಯಿಂದ ವಾಪಸ್ ಬಂದಿದ್ದಾನೆ. ಮುಟ್ಟಿದವರನ್ನೆಲ್ಲ ಕಚ್ಚುತ್ತಾನೆ. ಇನ್ನೊಂದೇ ಒಂದು ಅವಕಾಶ. ಯಾರಾದರೂ ಆರು ವಾರ ಮನೆಯಲ್ಲಿಟ್ಟುಕೊಂಡು ಪಳಗಿಸಬೇಕು. ಆಮೇಲೆ ಇಲ್ಲಿ ಮೂವರು ಅಪರಿಚಿತರು ಒಬ್ಬೊಬ್ಬರಾಗಿ ಎತ್ತಿಕೊಳ್ಳುತ್ತಾರೆ. ಕಚ್ಚದಿದ್ದರೆ ಒಂದು ಮನೆ ಹುಡುಕುತ್ತೇನೆ. ಕಚ್ಚಿದರೆ ಸಾಯುವವರೆಗೆ ಈ ಶೆಡ್ಡೇ ಗತಿ."

ಅವನು ನನ್ನನ್ನು ನೋಡಿ ಆಕಳಿಸಿದ. ನಾನೂ ಅವನ ಹಾಗೇ ಆಕಳಿಸಿದೆ. ಇನ್ನೊಮ್ಮೆ ಆಕಳಿಸಿದ. ಇದನ್ನು ನಾನು ಸ್ನೇಹ ಎಂದು ತಿಳಿದೆ.

ಮನೆಗೆ ತಂದಾಗ ಅವ್ವ ಬಾಗಿಲಲ್ಲಿ ನಿಂತು ಪೆಟ್ಟಿಗೆಯೊಳಗೆ ಇಣುಕಿದಳು. ನಾನು ಫೆರೆಟ್ ಎಂಬುದರ ಬಗ್ಗೆ ಭಾಷಣವೊಂದನ್ನು ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ.

"ಅಯ್ಯ, ಮುಂಗಲಿ!" ಎಂದಳು. ನಮ್ಮ ಕಡೆ ಮುಂಗುಸಿಗೆ ಮುಂಗಲಿ ಎನ್ನುತ್ತಾರೆ. "ಎಷ್ಟ ವರ್ಷ ಆಗಿತ್ತೋ ನೋಡಿ. ಮುಂಜಾನೆದ್ದ ಮುಂಗಲಿ ಕಂಡ್ರ ಭಾಳ ಚಲೋ."

"ಅವ್ವಾ, ಇದು ಮುಂಗಲಿ ಅಲ್ಲ."

"ನನಗ ಹೇಳಾಕ ಬಂದಾನ. ಮುಂಗಲಿ ನಾ ನೋಡೇನೋ ನೀ ನೋಡೀಯೋ? ಹಣಿಮ್ಯಾಲ ನಾಮ ಬ್ಯಾರೆ ಐತಿ. ಹೆಸರೇನು?"

"ಪಿಕಲ್."

"ಉಪ್ಪಿನಕಾಯಿ ಅಂತ ಇಟ್ಟಾರ? ಜೀವ ಇರೋ ಪ್ರಾಣಿಗೆ?"

ಅವ್ವನ ಅಡುಗೆಮನೆಗೆ ಇವತ್ತಿನವರೆಗೆ ಮೊಟ್ಟೆ ಕೂಡ ಬಂದಿಲ್ಲ. ಫೆರೆಟ್‌ಗೆ ಮಾಂಸವೇ ಆಹಾರ. ನಾನು ಚೀಲದಿಂದ ಒಣ ಗುಳಿಗೆಗಳ ಪೊಟ್ಟಣ ತೆಗೆದೆ. ಅವ್ವ ಒಂದು ಗುಳಿಗೆಯನ್ನು ದೂರದಿಂದ ನೋಡಿದಳು. "ಇದರಾಗ ಏನೈತಿ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ. ಕೇಳಿದ್ರ ತಿಳೀತೈತಿ. ಕೇಳಲಿಲ್ಲ ಅಂದ್ರ ಕಾಳು." ಅಂದಿನಿಂದ ಅದು ಬಾಲ್ಕನಿಯ ಡಬ್ಬಿಯಲ್ಲಿ ಕಾಳಾಗಿ ಬಾಳಿತು. ಇಷ್ಟು ಚೊಕ್ಕವಾಗಿ ಧರ್ಮಸಂಕಟ ಬಗೆಹರಿಸುವ ಹೆಂಗಸು ಹೆಲ್ಪ್‌ಡೆಸ್ಕಿನಲ್ಲಿದ್ದಿದ್ದರೆ ನಾನು ಮನೆಗೆ ಹೋಗಬೇಕಾಗುತ್ತಿತ್ತು.

ಮೀನೆಣ್ಣೆಯ ವಿಷಯಕ್ಕೆ ಮಾತ್ರ ಊದಿನಕಡ್ಡಿ ಹಚ್ಚಲೇಬೇಕಾಯಿತು. ಜ್ಯಾನೆಟ್ ಹೇಳಿಕೊಟ್ಟ ವಿದ್ಯೆ ಹೀಗಿತ್ತು. ಕೈಗೆ ಒಂದು ಹನಿ ಮೀನೆಣ್ಣೆ ಸವರಿಕೊಂಡು ಮುಂದೆ ಚಾಚಬೇಕು. ಪ್ರಾಣಿ ಕಚ್ಚುವ ಬದಲು ನೆಕ್ಕುವುದನ್ನು ಕಲಿಯುತ್ತದೆ. ಕಚ್ಚಿದರೆ ಕಿರುಚಬಾರದು, ಕೈಬಿಡಬಾರದು. ಕಚ್ಚಿದರೆ ಬಿಡುಗಡೆ ಸಿಗುತ್ತದೆ ಎಂದು ಗೊತ್ತಾದರೆ ಮುಗಿಯಿತು. ಒಂದೇ ಗಟ್ಟಿ ದನಿಯಲ್ಲಿ "ನೋ" ಎನ್ನಬೇಕು. ದಿನವೂ ಅದೇ ದನಿ.

ಅದೇ ದನಿಯಂತೆ. ನನ್ನ ಹತ್ತಿರ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಮೊದಲ ದಿನ ಜ್ಯಾನೆಟ್‌ಳ ದನಿಯಲ್ಲೇ "ನೋ" ಎಂದೆ. ಕಚ್ಚಿದ. ಎರಡನೆಯ ದಿನ ಕಾಲಿನ್‌ನ ಮೂಗಿನಲ್ಲಿ, "ಇದರ ಬಗ್ಗೆ ಆಮೇಲೆ ಕೂತು ಮಾತಾಡೋಣ" ಎಂದೆ. ಕಚ್ಚಿದ. ಟ್ಯೂಬಿನ ಹೆಂಗಸಿನ ದನಿಯಲ್ಲಿ, ಬಾಗಿಲಿನಿಂದ ದೂರ ನಿಲ್ಲುವಂತೆ ವಿನಂತಿಸಿದೆ. ಹೆಬ್ಬೆರಳಿಗೇ ಬಾಗಿಲು ಮುಚ್ಚಿಕೊಂಡಿತು. ಫೆರೆಟ್ ಕಚ್ಚುವುದೆಂದರೆ ನಾಯಿಯ ಹಾಗೆ ಕಚ್ಚಿ ಬಿಡುವುದಲ್ಲ, ಕಚ್ಚಿ ಜೋತುಬೀಳುವುದು. ನೋವಿಗೆ ನನ್ನ ಬಾಯಿಂದ ಬಂದ ಕೂಗು ಮಾತ್ರ ಯಾರ ಅನುಕರಣೆಯೂ ಆಗಿರಲಿಲ್ಲ.

ಅವನದೇ ಭಾಷೆ ಕಲಿತರೆ ಹೇಗೆ ಎಂದು ಡುಕ್ ಡುಕ್ ಅಭ್ಯಾಸ ಮಾಡಿದೆ. ಪಿಕಾಡಿಲಿ ಲೈನಿನ ಟ್ಯೂಬಿನಲ್ಲಿ ದಿನಾ ಅರ್ಧ ಗಂಟೆ, ಬಾಯಿ ಮುಚ್ಚಿಕೊಂಡು, ಗಂಟಲಲ್ಲೇ. ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಕೊನೆಗೆ ಅಸಲು ಫೆರೆಟ್‌ಗಿಂತ ಚೆನ್ನಾಗಿ ಡುಕ್ಕಿಸುವ ಮಟ್ಟಕ್ಕೆ ಬಂದೆ. ಗೂಡಿನ ಹಿಂದೆ ಕೂತು ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಕೊಟ್ಟೆ. ಅವನು ಬೆನ್ನು ತಿರುಗಿಸಿಕೊಂಡು ಬಾಲ ನೆಕ್ಕುತ್ತಿದ್ದ. ಕಲಾವಿದನಿಗೆ ಕಚ್ಚಿಸಿಕೊಳ್ಳುವುದಕ್ಕಿಂತ ಇದು ಹೆಚ್ಚು ನೋಯುತ್ತದೆ.

ಆದರೆ ಒಂದೇ ಒಂದು ಅನುಕರಣೆ ಅವನಿಗೆ ಹಿಡಿಸಿತ್ತು: ಬಸೂ ಕಾಕಾನದು.

ಕಾಕಾನ ನಡಿಗೆ ನೀವು ನೋಡಬೇಕು. ನೋಡುವುದಕ್ಕಿಂತ ಅದನ್ನು ಕೆಳಗಿನ ಮನೆಯವರ ಹಾಗೆ ಅನುಭವಿಸಬೇಕು. ಎರಡು ಕಾಲಿಗೂ ನೆಲದ ಮೇಲೆ ಹಳೆಯ ಸಿಟ್ಟಿರುವವರ ಹಾಗೆ ಧಪ್, ಧಪ್ ಎಂದು ಇಡುತ್ತಾನೆ. ನಮ್ಮದು ಮೊದಲ ಮಹಡಿಯ ಹಳೆಯ ಫ್ಲಾಟು, ಮರದ ನೆಲ. ಕಾಕಾ ಬಂದರೆ ಶೋಕೇಸಿನ ಲೋಟಗಳು ಮೊದಲು ನಮಸ್ಕಾರ ಹೇಳುತ್ತವೆ. ಅವನು ಬಂದಾಗಲೆಲ್ಲ ಉಪ್ಪಿನಕಾಯಿ ಎದ್ದು ಜಾಲರಿಗೆ ಬಂದು ನಿಲ್ಲುತ್ತಿದ್ದ. ಕಾಕಾ ಮುಟ್ಟಿದರೆ ಕಚ್ಚುತ್ತಲೂ ಇರಲಿಲ್ಲ.

"ಪ್ರಾಣಿಗೋಳಿಗೆ ಮನಷ್ಯಾರ ಮನಸ್ಸು ತಿಳೀತೈತಿ ವೈನಿ," ಎಂದು ಕಾಕಾ ಅವ್ವನಿಗೆ ಹೇಳುತ್ತಿದ್ದ. ವೈನಿ ಎಂದರೆ ಅತ್ತಿಗೆ. "ಮನಸ್ಸಿನ್ಯಾಗ ಕಪಟ ಇಲ್ದವರಿಗೆ ಏನೂ ಮಾಡಂಗಿಲ್ಲ ಅದು." ಹೇಳುವಾಗ ಪಟ್ಟಿ ಸುತ್ತಿದ ನನ್ನ ಬೆರಳುಗಳ ಕಡೆ ನೋಡುತ್ತಿದ್ದ.

ನಾನೂ ಬಿಡಲಿಲ್ಲ. ಕಾಕಾನ ಹಾಗೆ ಹೊಟ್ಟೆ ಮುಂದೆ ಮಾಡಿ ಧಪ್ ಧಪ್ ಎಂದು ಬಂದು, "ಏನಪಾ ಮುಂಗಲಿ, ಆರಾಮೇನು" ಎಂದೆ. ಉಪ್ಪಿನಕಾಯಿ ಜಾಲರಿಗೆ ಬಂದ. ಕೈ ಚಾಚಿದೆ. ಮೀನೆಣ್ಣೆ ನೆಕ್ಕಿದ. ಅದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ: ಅವನಿಗೆ ನನ್ನ ಕಾಕಾ ಮತ್ತು ಅಸಲಿ ಕಾಕಾ ಬೇರೆಯೆಂದೇ ಗೊತ್ತಾಗಿಲ್ಲ. ಇದನ್ನು ಕಾಕಾನಿಗೂ ಹೇಳಿದೆ. ಅವನು, "ಅಂದ್ರ ಅದಕ್ಕ ನಾ ಬೇಕಾಗೇನಿ, ನೀ ಅಲ್ಲ" ಎಂದ. ನಾನು ಅವನ ಹಾಗೇ ಕೆಮ್ಮಿದೆ.

ಎರಡನೆಯ ವಾರ ಕಾಕಾನಿಗೆ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸದ ಇಂಟರ್‌ವ್ಯೂ ಬಂತು. ಆರು ವರ್ಷದಿಂದ ಕೇಳುತ್ತಿದ್ದದ್ದು. ಬೆಳಿಗ್ಗೆ ಏಳಕ್ಕೇ ಮುಂಗಲಿಯ ಮುಖ ನೋಡಲು ಸೂಟು ಹಾಕಿಕೊಂಡು ಬಂದ. ದೇವರ ಮುಂದೆ ಬಂದವರ ಹಾಗೆ ಸಾಕ್ಸನ್ನೂ ಕಳಚಿಟ್ಟು, ಗೂಡಿನ ಬಾಗಿಲು ತೆರೆದು, ಬರಿಗಾಲಲ್ಲಿ ಕೈಮುಗಿದು ಕೂತ. ಅವ್ವ ಚಹಾ ಕೊಟ್ಟಳು. ಉಪ್ಪಿನಕಾಯಿ ಹೊರಗೆ ಬಂದು, ದರ್ಶನ ಕೊಟ್ಟು, ಎಡಗಾಲಿನ ಸಾಕ್ಸನ್ನು ಪ್ರಸಾದವೆಂಬಂತೆ ಬಾಯಲ್ಲಿ ಹಿಡಿದು ಸೋಫಾದ ಕೆಳಗೆ ಮಾಯವಾದ. ಹೊತ್ತಾಗಿತ್ತು. ಕಾಕಾ ಒಂದೇ ಸಾಕ್ಸಿನಲ್ಲಿ ಇಂಟರ್‌ವ್ಯೂಗೆ ಹೋದ. ಕೆಲಸ ಸಿಕ್ಕಿತು.

ಕಚ್ಚದೆ ಬಿಟ್ಟದ್ದಕ್ಕಲ್ಲ, ಕದ್ದದ್ದಕ್ಕೆ ಕೆಲಸ ಸಿಕ್ಕಿತೆಂದು ಕಾಕಾನ ನಂಬಿಕೆ. ಸಾಕ್ಸಿನ ಮಹಿಮೆ ಈಗ ತಿಳಿಯಿತಲ್ಲ?

ಇತ್ತ ನನ್ನ ಕೈಮೇಲೆ ಜಾಗ ಮುಗಿಯುತ್ತಿತ್ತು. ನಾನು ಕಾಕಾ ಆಗಿ ಬಂದ ದಿನ ಉಪ್ಪಿನಕಾಯಿ ನೆಕ್ಕುತ್ತಿದ್ದ, ನಾನಾಗಿ ಬಂದ ದಿನ ಕಚ್ಚುತ್ತಿದ್ದ. ಜ್ಯಾನೆಟ್‌ಗೆ ಫೋನಿನಲ್ಲಿ ಹೇಳಿದರೆ, "ಪಿಕಲ್‌ನನ್ನು ಎತ್ತಿಕೊಳ್ಳುವ ಮೂವರೂ ನಿನ್ನ ಚಿಕ್ಕಪ್ಪ ಆಗಿರುವುದಿಲ್ಲವಲ್ಲ" ಎಂದಳು. ಅದೂ ನಿಜವೇ. ಒಂದು ಸಂಜೆ ಅವನು ಗೂಡಿನ ಬಟ್ಟೆಯ ತೊಟ್ಟಿಲಲ್ಲಿ ಹೊಟ್ಟೆ ಮೇಲೆ ಮಾಡಿ, ಒಂದು ಕಾಲು ಹೊರಗೆ ಇಳಿಬಿಟ್ಟು ಮಲಗಿದ್ದ. ಇವನು ಆ ಶೆಡ್ಡಿಗೆ ಹೋದರೆ ಈ ಕಾಲು ಇಳಿಬಿಡಲು ಜಾಗವಿರುವುದಿಲ್ಲ ಅನ್ನಿಸಿ, ಹೆಬ್ಬೆರಳು ನೋಯುತ್ತಿದ್ದರೂ ಅಲ್ಲೇ ಕೂತಿದ್ದೆ.

ಆ ಹೊತ್ತಿಗೇ ಮನೆ ಮೇಲೆ ವಿಮಾನ ಹೋಯಿತು. ಹೌನ್ಸ್ಲೋದವರಿಗೆ ಒಂದು ಅಭ್ಯಾಸವಿದೆ: ವಿಮಾನ ಬಂದರೆ ಮಾತು ನಿಲ್ಲಿಸುತ್ತೇವೆ, ಹೋದ ಮೇಲೆ ನಿಂತ ಅಕ್ಷರದಿಂದಲೇ ಮುಂದುವರಿಸುತ್ತೇವೆ. ಅವ್ವ ಅಡುಗೆಮನೆಯಿಂದ ನನಗೆ "ಪಮ್ಯಾ, ಸಕ್—" ಎಂದು ನಿಲ್ಲಿಸಿ, ಅರ್ಧ ನಿಮಿಷದ ಮೇಲೆ "—ಕರಿ ಡಬ್ಬಿ ಎಲ್ಲಿಟ್ಟಿ?" ಎಂದಳು. ಉಪ್ಪಿನಕಾಯಿಯ ಮೀಸೆ ಕೂಡ ಅಲುಗಲಿಲ್ಲ. ನೋಡಿದೆಯಾ, ಎರಡೇ ವಾರದಲ್ಲಿ ಪಕ್ಕಾ ಹೌನ್ಸ್ಲೋದವನಾದ ಎಂದು ಹೆಮ್ಮೆಪಟ್ಟೆ. ಇಷ್ಟು ದೊಡ್ಡ ಸುಳಿವು ತಲೆಯ ಮೇಲೇ ಹಾರಿಹೋಗಿತ್ತು.

ಭಾನುವಾರ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ. ಅವ್ವ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಮುಂದೆ ಮರದ ಹಲಗೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಾಳೆ. ಅಡುಗೆಕಟ್ಟೆಯ ಮುಂದೆ ನಿಂತು ಬಡಿದರೆ ರೊಟ್ಟಿ ಆಗುವುದಿಲ್ಲ, ಬರೀ ಭುಜ ನೋವಾಗುತ್ತದೆ ಎಂಬುದು ಅವಳ ಸಿದ್ಧಾಂತ. ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ತಿರುಗಿಸುತ್ತದೆ: ಪಟ್ ಪಟ್ ಪಟ್, ತಿರುವು, ಪಟ್ ಪಟ್ ಪಟ್, ತಿರುವು. ಕೆಳಗಿನ ಮನೆಯವರು ಒಮ್ಮೆ ಮನೆಯಲ್ಲಿ ಏನಾದರೂ ರಿಪೇರಿಯೇ ಎಂದು ವಿಚಾರಿಸಲು ಮೇಲೆ ಬಂದಿದ್ದರು. ಎರಡು ರೊಟ್ಟಿ, ಶೇಂಗಾ ಚಟ್ನಿ ತಿಂದು ಹೋದವರು, ಈಗ ಭಾನುವಾರ ಸದ್ದು ಕೇಳದಿದ್ದರೆ ವಿಚಾರಿಸಲು ಬರುತ್ತಾರೆ.

ಆ ಭಾನುವಾರ ನಾನು ಮುಂದಿನ ಕೋಣೆಯಲ್ಲಿ ಉಪ್ಪಿನಕಾಯಿಯನ್ನು ಹಿಂದಿನಿಂದ ಎತ್ತಲು ಹೋಗಿ, ಹೆಬ್ಬೆರಳು ಕೊಟ್ಟೆ. ಜೋತುಬಿದ್ದ. ಬಿಡುವ ಹಾಗಿಲ್ಲ, ಕೂಗುವ ಹಾಗಿಲ್ಲ. ಅಪ್ಪ ರಾತ್ರಿಪಾಳಿ ಮುಗಿಸಿ ಒಳಗೆ ಮಲಗಿದ್ದ. ಈ ಬರಹದಲ್ಲಿ ಅಪ್ಪನ ಪಾತ್ರ ಅಷ್ಟೇ, ಉದ್ದಕ್ಕೂ ಮಲಗಿರುತ್ತಾನೆ. ಕೈಗೆ ನೇತಾಡುವ ಉಪ್ಪಿನಕಾಯಿಯ ಸಮೇತ ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಮಂಡಿಯೂರಿದೆ.

ಅವನ ಹಿಂಗಾಲು ನೆಲ ಮುಟ್ಟಿತು. ಪಟ್ ಪಟ್ ಪಟ್, ತಿರುವು.

ಹಲ್ಲು ಸಡಿಲವಾಯಿತು. ಉಪ್ಪಿನಕಾಯಿ ಬೆರಳು ಬಿಟ್ಟು, ಹೊಟ್ಟೆಯನ್ನು ನೆಲಕ್ಕೆ ಚಪ್ಪಟೆಯಾಗಿ ಹಾಸಿ, ಹಾಗೇ ಸ್ವಲ್ಪ ಹೊತ್ತು ಇದ್ದ. ಆಮೇಲೆ ತೆವಳಿಕೊಂಡು ಹೋಗಿ, ಎರಡೂ ಮುಂಗಾಲುಗಳನ್ನು ರೊಟ್ಟಿಯ ಹಲಗೆಯ ಮೇಲಿಟ್ಟ. ಅವ್ವ ಕೈ ನಿಲ್ಲಿಸಿದಳು. ಅವನು ಅವಳ ಮುಖ ನೋಡಿದ. ಅವ್ವ ಮತ್ತೆ ಬಡಿದಳು. ಅವನು ಬೆನ್ನು ಕಮಾನು ಮಾಡಿ, ಅಡ್ಡಡ್ಡ ಹಾರಿ, ಹಿಟ್ಟಿನ ಡಬ್ಬಿಗೆ ಡಿಕ್ಕಿ ಹೊಡೆದು, ಡುಕ್ ಡುಕ್ ಎಂದು ಕುಣಿದ. ನಾನು ಹದಿನೈದು ದಿನದಿಂದ ಕೊರಳು ಸವೆಸಿ ಕೇಳಲು ಹಾತೊರೆದ ಸದ್ದು ಅದು.

ಅವ್ವ ನಗಲಿಲ್ಲ. ಅವನ ಬೆನ್ನ ಹಿಂದೆ ಕೈ ಒಯ್ದು ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು. ಅವನು ಕಾಲು ನೆಕ್ಕುತ್ತಲೇ ಇದ್ದ. ಇನ್ನೊಮ್ಮೆ ತಟ್ಟಿದಳು. ಊಹೂಂ. ಬೆರಳ ಗೆಣ್ಣಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದಳು. ತಟ್ಟನೆ ತಿರುಗಿದ.

"ಪಮ್ಯಾ," ಎಂದಳು ಅವ್ವ, "ಇದಕ್ಕ ಕಿವಿ ಕೇಳಸಂಗಿಲ್ಲೋ."

ನಾನೂ ಅವನ ಹಿಂದೆ ಒಂದು ಚಪ್ಪಾಳೆ ತಟ್ಟಿ ನೋಡಿದೆ.

"ಕೆಪ್ಪ ಐತಿ. ಪೂರಾ. ಹಿಂದಿಂದ ಹೋಗಿ ಗಪ್ಪನ ಹಿಡಕೊಂಡ್ರ ಹೆದರಿ ಕಚ್ಚತೈತಿ, ಪಾಪ. ಮತ್ತ ನೀ ಹದಿನೈದ ದಿನದಿಂದ ಯಾರ ಮುಂದ ನಾಟಕ ಮಾಡಾಕತ್ತಿದ್ದಿ?"

ಯಾರ ಮುಂದೆ ಎಂದು ನಾನೂ ಲೆಕ್ಕ ಹಾಕಿದೆ. ಜ್ಯಾನೆಟ್, ಕಾಲಿನ್, ಟ್ಯೂಬಿನ ಹೆಂಗಸು, ಡುಕ್ ಡುಕ್. ಒಂದೂ ಅವನನ್ನು ತಲುಪಿರಲಿಲ್ಲ. ಕಾಕಾನ ಪಾತ್ರ ಗೆದ್ದದ್ದು ನನ್ನ ಕಂಠದಿಂದಲ್ಲ, ಕಾಕಾನ ಕಾಲಿನಿಂದ. ಕಾಕಾನ ನಿಷ್ಕಪಟ ಮನಸ್ಸಿನದ್ದೂ ಅದೇ ಕಥೆ ಎಂಬುದೊಂದೇ ಸಮಾಧಾನ.

"ಆಯಿ ಹಂಗ ಐತಲ್ಲೋ ಇದು," ಎಂದಳು ಅವ್ವ, ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು.

ಆಯಿ, ಅಪ್ಪನ ತಾಯಿ. ನನಗೆ ಒಂಬತ್ತು ವರ್ಷವಾಗುವವರೆಗೆ ಇದೇ ಮನೆಯಲ್ಲಿ, ಮುಂದಿನ ಕೋಣೆಯ ಹೀಟರಿನ ಪಕ್ಕದ ಕುರ್ಚಿಯಲ್ಲಿದ್ದಳು. ಉಪ್ಪಿನಕಾಯಿಯ ಗೂಡು ಇಟ್ಟದ್ದೂ ಅದೇ ಜಾಗದಲ್ಲಿ. ಆಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತವಳನ್ನು ಹಿಂದಿನಿಂದ ಮುಟ್ಟಿದರೆ ಬೆಚ್ಚಿಬಿದ್ದು ಕೈಯಲ್ಲಿದ್ದದ್ದನ್ನು ಬೀಸುತ್ತಿದ್ದಳು. ಒಮ್ಮೆ ಟಿವಿ ರಿಮೋಟು ನನ್ನ ಹುಬ್ಬಿನ ಮೇಲೆ ಬಿದ್ದಿತ್ತು. ಅದಕ್ಕೇ ಅವ್ವ ಬಾಗಿಲಲ್ಲಿ ನಿಂತು ಹಿಮ್ಮಡಿಯಿಂದ ಎರಡು ಸಲ ನೆಲ ಕುಟ್ಟಿ, ಆಯಿ ತಿರುಗಿದ ಮೇಲೆ ಒಳಗೆ ಹೋಗುತ್ತಿದ್ದಳು. ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಕಾಕಾ ಆಗ ನಮ್ಮ ಜೊತೆಗೇ ಇದ್ದ. ಅವನಿಗೆ ಕುಟ್ಟುವ ಅಭ್ಯಾಸ ಬಾಗಿಲಿಗೆ ನಿಲ್ಲದೆ, ರಸ್ತೆಗೂ ಬಸ್ಸಿಗೂ ಹೋಯಿತು. ಆಯಿ ಹೋದ ಮೇಲೂ ಅವನ ಕಾಲು ಅದನ್ನು ಬಿಟ್ಟಿಲ್ಲ. ಇದು ಅವ್ವ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಆ ನಡಿಗೆಯನ್ನು ಅಣಕಿಸುತ್ತ ಮದುವೆಮನೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಇನ್ನೊಂದು ನೆನಪಾಯಿತು. ನನ್ನ ಮೊಟ್ಟಮೊದಲ ಪ್ರೇಕ್ಷಕಿ ಆಯಿಯೇ. ಶಾಲೆಯಿಂದ ಬಂದು, ಎರಡು ಸಲ ನೆಲ ಕುಟ್ಟಿ, ಅವಳ ಮುಂದೆ ನಿಂತು ಬಸ್ ಡ್ರೈವರ್ ಆಗುತ್ತಿದ್ದೆ, ಮೂಗು ಸೊರಗುಟ್ಟುವ ಟೀಚರ್ ಆಗುತ್ತಿದ್ದೆ, ಕಾಕಾ ಆಗುತ್ತಿದ್ದೆ. ಸದ್ದಿಲ್ಲದೆ. ಸದ್ದು ಮಾಡಿ ಪ್ರಯೋಜನವಿರಲಿಲ್ಲ. ಆಯಿ ಭುಜ ಕುಲುಕಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ದನಿಗಳೆಲ್ಲ ಆಮೇಲೆ ಬಂದದ್ದು.

ಆ ಸಂಜೆ ಗೂಡಿನ ಮುಂದೆ ನಿಂತು ನೆಲಕ್ಕೆ ಎರಡು ಸಲ ಹಿಮ್ಮಡಿ ಕುಟ್ಟಿದೆ. ಉಪ್ಪಿನಕಾಯಿ ತಲೆ ಎತ್ತಿದ. ಕೈಯನ್ನು ಅವನ ಕಣ್ಣ ಮುಂದೆಯೇ ನಿಧಾನವಾಗಿ ತಂದು, ಹೊಟ್ಟೆಯ ಕೆಳಗೆ ಹಾಕಿ ಎತ್ತಿದೆ. ಅವನು ನನ್ನ ಮಣಿಕಟ್ಟನ್ನು ಮೂಸಿದ. ಆಕಳಿಸಿದ. ಅಷ್ಟೇ.

ಜ್ಯಾನೆಟ್‌ಗೆ ಫೋನು ಮಾಡಿದಾಗ ಅವಳು ತನ್ನನ್ನೇ ಎರಡು ಒಳ್ಳೆಯ ಬೈಗುಳ ಬೈದುಕೊಂಡಳು. ಆ ಬಿಳಿ ಪಟ್ಟೆಯವು ಎಷ್ಟೋ ಸಲ ಕಿವುಡಾಗಿರುತ್ತವಂತೆ. "ಶೆಡ್ಡಿನಲ್ಲಿ ಇನ್ನೂ ಮೂವರ ಜೊತೆ ಇದ್ದ. ಡಬ್ಬಿ ಅಲ್ಲಾಡಿಸಿದರೆ ಅವು ಓಡಿ ಬರುತ್ತಿದ್ದವು, ಅವುಗಳನ್ನು ನೋಡಿ ಇವನೂ ಬರುತ್ತಿದ್ದ. ನಾನು ಮೂರ್ಖಳು. ಕಂಡುಹಿಡಿದದ್ದು ಹೇಗೆ?" ನನ್ನ ತಾಯಿ ರೊಟ್ಟಿ ಬಡಿಯುತ್ತಿದ್ದಳು ಎಂದೆ. ಅವಳು ಇನ್ನೊಮ್ಮೆ ಹೇಳು ಎಂದಳು.

ಹಲಗೆಗೆ ಫೆರೆಟ್ ಕಾಲಿಟ್ಟ ಮೇಲೆ ಅದು ರೊಟ್ಟಿಗೆ ಬರುತ್ತದೆಯೇ? ಅವ್ವ ಸೌತ್‌ಹಾಲ್‌ಗೆ ಹೋಗಿ ಹೊಸ ಹಲಗೆ ತಂದಳು. ಹಳೆಯದು ಉಪ್ಪಿನಕಾಯಿಯ ಆಸ್ತಿಯಾಗಿ ಗೂಡಿನ ಮುಂದೆ ಬಿತ್ತು. ಮುಂದಿನ ನಾಲ್ಕು ವಾರ ಅದರ ಮೇಲೇ ಪಾಠ. ಹಲಗೆಗೆ ಎರಡು ಸಲ ತಟ್ಟು, ಕೈ ತೋರಿಸು, ಎತ್ತು. ಮೊದಲು ನಾನು, ಆಮೇಲೆ ಅವ್ವ, ಆಮೇಲೆ ಕೆಳಗಿನ ಮನೆಯವರು. ಕಾಕಾ ತಟ್ಟುವ ಅಗತ್ಯವಿರಲಿಲ್ಲ; ಮೆಟ್ಟಿಲಲ್ಲಿದ್ದಾಗಲೇ ಉಪ್ಪಿನಕಾಯಿ ಹಲಗೆಯ ಮೇಲೆ ಸಿದ್ಧನಾಗಿರುತ್ತಿದ್ದ. ನನ್ನ ಬೆರಳಿನ ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಮನೆಯಲ್ಲಿ ನಾನು ಮಾತಾಡುವುದು ಕಡಿಮೆಯಾಗಿದೆ, ಹುಷಾರಿದ್ದೀಯಾ ಎಂದು ಅವ್ವ ಎರಡು ಸಲ ಕೇಳಿದಳು.

ಪರೀಕ್ಷೆಯ ದಿನ ಅವ್ವ ನಾನೂ ಬರುತ್ತೇನೆ ಎಂದಳು. ಜ್ಯಾನೆಟ್‌ಗೆಂದು ರೊಟ್ಟಿಯ ಡಬ್ಬಿ ಕಟ್ಟಿಕೊಂಡು, ಹಳೆಯ ಹಲಗೆಯನ್ನೂ ಚೀಲಕ್ಕೆ ತುರುಕಿದಳು.

"ಅದ್ಯಾಕವ್ವ? ನೆಲಕ್ಕ ಕುಟ್ಟಿದ್ರಾತು."

"ಇರಲಿ. ಹಾಸಿಗಿ ಬದಲಾದ್ರ ನಿನಗ ನಿದ್ದಿ ಬರತೈತೇನು? ಅದಕ್ಕೂ ಹಂಗ."

ಜ್ಯಾನೆಟ್‌ಳ ಶೆಡ್ಡಿಗೆ ಕಾಲಿಟ್ಟು, ಅಭ್ಯಾಸದಂತೆ ಹಿಮ್ಮಡಿ ಕುಟ್ಟಿದೆ. ಕಾಂಕ್ರೀಟು. ಹಿಮ್ಮಡಿ ಜುಂ ಎಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಕೂತೇ ಇದ್ದ. ಮೂವರು ಅಪರಿಚಿತರು ಆಗಲೇ ಬಂದು ಸಾಲಾಗಿ ನಿಂತಿದ್ದರು. ಒಬ್ಬ ಲಾರಿ ಡ್ರೈವರ್, ಒಬ್ಬಳು ಕಾಲೇಜು ಹುಡುಗಿ, ಒಬ್ಬರು ಬಿಳಿ ಕೂದಲಿನ ತೆಳ್ಳಗಿನ ಅಜ್ಜಿ. ನನ್ನ ಬಳಿಯಿದ್ದ ಯಾವ ದನಿಯೂ ಅಲ್ಲಿ ಕೆಲಸಕ್ಕೆ ಬರುವಂಥದ್ದಲ್ಲ.

ಅವ್ವ ಚೀಲದಿಂದ ಹಲಗೆ ತೆಗೆದು ಕಾಂಕ್ರೀಟಿನ ಮೇಲಿಟ್ಟಳು. ನನ್ನ ಕಡೆ ನೋಡಲೂ ಇಲ್ಲ. ಅಷ್ಟು ದೊಡ್ಡ ಮನಸ್ಸು.

ಉಪ್ಪಿನಕಾಯಿ ಹಲಗೆ ಹತ್ತಿ, ಮೂಸಿ, ತನ್ನ ಮನೆಗೆ ಬಂದವನ ಹಾಗೆ ಹೊಟ್ಟೆ ಹಾಸಿ ಕೂತ. ಡ್ರೈವರ್ ತೋರು ಬೆರಳಿನಿಂದ ಎರಡು ಸಲ ತಟ್ಟಿದ, ಎತ್ತಿದ. ಏನೂ ಆಗಲಿಲ್ಲ. ಹುಡುಗಿ ತಟ್ಟಿದಳು, ಎತ್ತಿದಳು. ಅವನು ಅವಳ ಕಿವಿಯೋಲೆ ಕದಿಯಲು ನೋಡಿದ, ಜ್ಯಾನೆಟ್ ಅದು ಲೆಕ್ಕಕ್ಕಿಲ್ಲ ಎಂದಳು. ಅಜ್ಜಿ, ಅವರ ಹೆಸರು ಐರಿಸ್, ಪಿನ್ನರ್‌ನಲ್ಲಿ ಮಕ್ಕಳಿಗೆ ಪಿಯಾನೊ ಕ‌ಲಿಸಿ ನಿವೃತ್ತರಾದವರು. ನೆಲದ ಮೇಲೆ ಕೂರಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಎರಡೇ ಸಲ ತಟ್ಟಬೇಕೇ?" ಎಂದು ನನ್ನನ್ನು ಕೇಳಿದರು. ಹಾಗೇನಿಲ್ಲ ಎಂದೆ. ಹತ್ತೂ ಬೆರಳುಗಳಿಂದ ಹಲಗೆಯ ಮೇಲೆ ಏನನ್ನೋ ನುಡಿಸಿದರು.

ಉಪ್ಪಿನಕಾಯಿ ಒಂದು ಗಳಿಗೆ ತಡೆದ. ಆಮೇಲೆ ಬೆನ್ನು ಕಮಾನು ಮಾಡಿ ಹಾರಿ, ಅವರ ಮಡಿಲಿಗೇ ಬಿದ್ದು, ಡುಕ್ ಡುಕ್ ಎಂದ. ಐರಿಸ್ ಎತ್ತಿಕೊಂಡರು. ಮತ್ತೆ ಕೆಳಗಿಡಲಿಲ್ಲ. ಬರುವಾಗ ಬರೀ ಸಹಾಯಕ್ಕೆಂದು ಬಂದವರು, ಹೋಗುವಾಗ ಪೆಟ್ಟಿಗೆ, ಹಲಗೆ ಎರಡನ್ನೂ ಒಯ್ದರು. ಬಸ್ಸಿನಲ್ಲಿ ಅವ್ವ ಖಾಲಿ ಚೀಲ ಮಡಚಿ ಮಡಿಲಲ್ಲಿಟ್ಟುಕೊಂಡು, ಹೌನ್ಸ್ಲೋ ಬರುವವರೆಗೂ ಅದನ್ನು ಸವರುತ್ತ ಕೂತಿದ್ದಳು.

ಐರಿಸ್ ಆಗಾಗ ವಿಡಿಯೊ ಕಳಿಸುತ್ತಾರೆ. ಮೊನ್ನೆ ಒಂದು ಬಂತು: ಹಲಗೆ, ಅದರ ಮೇಲೆ ಅವರ ಎರಡೂ ಕೈ, ಸುತ್ತ ಕುಣಿಯುವ ಉಪ್ಪಿನಕಾಯಿ. ಅವ್ವ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದಳು.

"ಕೈ ಚಲೋ ಐತಿ. ಆದ್ರ ಎಡಗೈ ತಿರಗಸವಲ್ಲಳು. ಹಿಂಗ ಬಡದ್ರ ರೊಟ್ಟಿ ಒಂದ ಕಡೆ ದಪ್ಪ ಆಗತೈತಿ."

"ಅವ್ವಾ, ಅವರು ರೊಟ್ಟಿ ಮಾಡಾಕತ್ತಿಲ್ಲ."

"ಹಲಗಿ ಐತಿ, ಕೈ ಐತಿ, ಹಿಟ್ಟ ಒಂದ ಇಲ್ಲ. ಬರದು ಕಳಸು, ಐತಾರ ಬರ್ತೇವಿ ಅಂತ."

ಹೀಗೆ ನಿನ್ನೆ ಭಾನುವಾರ ಮೂವರೂ ಪಿನ್ನರ್‌ಗೆ ಹೊರಟೆವು. ಅವ್ವನ ಕೈಯಲ್ಲಿ ಜೋಳದ ಹಿಟ್ಟು. ಕಾಕಾನ ಮೈಮೇಲೆ ಸೂಟು, ಅವನಿಗೆ ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ. ನನ್ನ ಜೇಬಿನಲ್ಲಿ ತೊಳೆಯದ ಸಾಕ್ಸು. ಅದನ್ನು ಯಾರಿಗೆ ಕೊಡಬೇಕೆಂಬ ಬಗ್ಗೆ ದಾರಿಯುದ್ದಕ್ಕೂ ವಾದ ನಡೆದಿತ್ತು. ಕಾಕಾ ನನ್ನದು ಎನ್ನುತ್ತಿದ್ದ. ಕದ್ದು ಇಟ್ಟವನು ಕೇಳಿದರೆ ಏನು ಹೇಳಲಿ ಎಂದು ನಾನು.

ಐರಿಸ್‌ರ ಮನೆ ಮುಂದೆ ಮರದ ಜಗಲಿ, ಬಾಗಿಲ ಪಕ್ಕ ಹೊಳೆಯುವ ಹಿತ್ತಾಳೆಯ ಕರೆಗಂಟೆ. ನಾನು ಬೆರಳು ಚಾಚಿದೆ. ಅವ್ವ ಕೈ ಹಿಡಿದಳು.

"ಗಂಟಿ ಬಾರಿಸಿದ್ರ ಅದಕ್ಕೇನ ತಿಳೀತೈತಿ? ಬಸಪ್ಪಾ, ನೀ ನಡಿ ಮುಂದ."

ಕಾಕಾ ಕೋಟು ಸರಿಮಾಡಿಕೊಂಡು ಜಗಲಿ ಹತ್ತಿದ. ಧಪ್, ಧಪ್. ಬಾಗಿಲಿನ ಕೆಳಗಿನ ಗಾಜಿನಲ್ಲಿ, ಹಣೆಗೆ ಬಿಳಿ ನಾಮ ಎಳೆದ ಒಂದು ಮುಖ ಬಂದು ನಿಂತಿತು. ನಾನು ಜೇಬಿನಿಂದ ಸಾಕ್ಸು ತೆಗೆದೆ. ಕಾಕಾ ಅದನ್ನು ನೋಡಿದ, ಗಾಜಿನ ಕಡೆ ನೋಡಿದ. ಆಮೇಲೆ ಬಗ್ಗಿ, ಎಡಗಾಲಿನ ಬೂಟಿನ ದಾರ ಬಿಚ್ಚತೊಡಗಿದ. ಹೊಸ ಇಂಟರ್‌ವ್ಯೂಗೆ ಹೊಸ ಸಾಕ್ಸೇ ಕಳುವಾಗಬೇಕಂತೆ.